ಮಾವನ ಬಾಡಿಗೆ ಗಂಟಲು

ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಶಾಲೆಯನ್ನು ಅರ್ಧಕ್ಕೇ ಬಿಟ್ಟವಳು, ಪದಗಳೂ ಸರಿಯಾಗಿ ಕೈಗೆ ಸಿಗುವುದಿಲ್ಲ. ತಪ್ಪಿದ್ದಲ್ಲಿ ಓದುವವರು ತಿದ್ದಿಕೊಳ್ಳಬೇಕು. ನನ್ನ ಸೋದರಮಾವನ ವಿಷಯ ಬರೆಯುವವರು ಬೇರೆ ಯಾರೂ ಇಲ್ಲವೆಂದು ನಾನೇ ಬರೆಯುತ್ತಿದ್ದೇನೆ.

ಮಾವ ಕಾರು ಓಡಿಸುವುದನ್ನು ಕಲಿಸುತ್ತಿದ್ದರು. ಈ ಬೀದಿಯ ಅರ್ಧ ಜನ ಅವರ ಶಿಷ್ಯರು. ಯಾರಾದರೂ ಕಂಬಕ್ಕೆ ಗುದ್ದಿದರೆ ಬೈಯುತ್ತಿರಲಿಲ್ಲವಂತೆ. ಕಂಬದ್ದೇ ತಪ್ಪು, ಪಕ್ಕಕ್ಕೆ ಸರಿಯಬೇಕಿತ್ತು ಎನ್ನುತ್ತಿದ್ದರಂತೆ. ಆಮೇಲೆ ನರದ ಕಾಯಿಲೆ ಬಂತು. ಮೊದಲು ಕೈ ಹೋಯಿತು, ನಂತರ ಕಾಲು, ಕೊನೆಗೆ ಮಾತು. ಈಗ ಅವರು ಹೇಳಿದಂತೆ ಕೇಳುವುದು ಕಣ್ಣು ಮಾತ್ರ. ಮಂಚದ ಮುಂದೆ ಒಂದು ಕಂಪ್ಯೂಟರ್ ಇದೆ. ಕಣ್ಣು ಯಾವ ಅಕ್ಷರದ ಮೇಲೆ ನಿಂತಿತು ಎಂಬುದನ್ನು ಅದರ ಪುಟ್ಟ ಕ್ಯಾಮೆರಾ ಹಿಡಿಯುತ್ತದೆ, ಕಂಪ್ಯೂಟರ್ ಅದನ್ನು ಓದಿ ಹೇಳುತ್ತದೆ. ಆ ದನಿಗೆ ಮಾವ ಬಾಡಿಗೆ ಗಂಟಲು ಎಂದು ಹೆಸರಿಟ್ಟಿದ್ದಾರೆ. ಅತ್ತೆ ಕೆಲಸಕ್ಕೆ, ಅವರ ಮಗ ಅಂದರೆ ನಮ್ಮ ಭಾವ ಆಫೀಸಿಗೆ ಹೋದ ಮೇಲೆ ಮಾವನ ಜೊತೆ ಇರುವವಳು ನಾನು.

ಕಂಪ್ಯೂಟರ್ ಬಹಳ ದಿನದಿಂದ ಅಪ್‌ಡೇಟ್ ಮಾಡಿ ಎಂದು ಕಾಡುತ್ತಿತ್ತು. ಮಾವ ಪ್ರತಿ ಸಲವೂ 'ಆಮೇಲೆ' ಎಂಬುದನ್ನೇ ಆರಿಸುತ್ತಿದ್ದರು. ಹಿಂದಿನ ಸಲ ಅಪ್‌ಡೇಟ್ ಆದಾಗ ಕ್ಯಾಮೆರಾ ನಿಂತುಹೋಗಿ, ರಿಪೇರಿಯವನು ಬರುವವರೆಗೆ ಅವರು ಮೂಕರಾಗಿದ್ದರು. ಫ್ಯಾನ್ ಹಾಕಿ ಎಂದು ಕಣ್ಣು ಮೇಲೆತ್ತಿದರೆ ಅತ್ತೆ ಇನ್ನೊಂದು ಕಂಬಳಿ ಹೊದಿಸಿದ್ದರು. ಗಂಟಲು ವಾಪಸ್ ಬಂದ ಕೂಡಲೇ ಮಾವ ಹೇಳಿದ ಮೊದಲ ಮಾತು, "ಬೆಂದಾಯ್ತು, ಒಲೆಯಿಂದ ಇಳಿಸು."

ಮೊನ್ನೆ ಸೋಮವಾರ 'ಆಮೇಲೆ' ಎಂಬುದೇ ಮಾಯವಾಯಿತು. ಶುಕ್ರವಾರದೊಳಗೆ ಸಮಯ ಆರಿಸಿ, ಇಲ್ಲವಾದರೆ ತಾನಾಗಿಯೇ ಶುರುವಾಗುತ್ತದೆ ಎಂದು ಬಂತು. ಭಾವ ಶುಕ್ರವಾರ ಬೆಳಿಗ್ಗೆ ಎಂದು ಒತ್ತಿದರು. ಅಂದು ಅವರಿಗೆ ರಜೆ. ಅದೇ ಬೆಳಿಗ್ಗೆ, ಹಾಸಿಗೆ ಹಿಡಿದವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಒಂದು ಆರೈಕೆ ಕೇಂದ್ರದ ಮೇಡಂ ಮಾವನನ್ನು ಮಾತಾಡಿಸಲು ಬರುವವರಿದ್ದಾರೆ. ಮಾವನನ್ನು ಅಲ್ಲಿ ಸೇರಿಸಬೇಕು ಎಂಬುದು ಭಾವನ ಹಟ. ಎತ್ತಿ ಇಳಿಸಿ ಅತ್ತೆಯ ಸೊಂಟ ಬಿದ್ದುಹೋಗಿರುವುದೂ ನಿಜ. ಸೇರಿಸಿಕೊಳ್ಳಲು ರೋಗಿಯ ಒಪ್ಪಿಗೆ ಬೇಕು. ಆದರೆ ಮಾತಾಡಲಾಗದವರ ಪರವಾಗಿ ಮಗ ಒಪ್ಪಿದರೂ ಸಾಕಂತೆ. ಭಾವ ಬೇಕೆಂದೇ ಆ ಹೊತ್ತು ಆರಿಸಿದರೋ, ನನಗೆ ತಿಳಿಯದು.

"ಅರ್ಧ ಗಂಟೆ ಕೆಲಸ ಅಪ್ಪ," ಎಂದರು ಭಾವ.

ಮಾವನ ಕಣ್ಣು ಅಕ್ಷರದಿಂದ ಅಕ್ಷರಕ್ಕೆ ನಡೆಯಿತು. "ಮೇಡಂ ಇರೋದೂ ಅರ್ಧ ಗಂಟೆನೇ ಕಣೋ."

ಭಾವ ಶೂ ಹಾಕಿಕೊಂಡು ಹೊರಟುಬಿಟ್ಟರು.

ಮರುದಿನ ಮನೆ ಖಾಲಿಯಾದ ಮೇಲೆ ಮಾವ, ಈಗಲೇ ಮಾಡಿಬಿಡು ಎಂದರು. ಇವತ್ತು ಕೆಟ್ಟರೆ ಸರಿಮಾಡಿಸಲು ಎರಡು ದಿನವಾದರೂ ಸಿಗುತ್ತದೆ ಎಂಬುದು ಅವರ ಲೆಕ್ಕ. ಒತ್ತುವ ಮೊದಲು ಇನ್ನೊಂದು ಮಾತು ಕೇಳಿಸಿಕೊ ಎಂದು ನಿಧಾನವಾಗಿ ಬರೆದರು.

"ಹೋಗಲ್ಲ ಅಂತಲ್ಲ ಪುಟ್ಟಿ. ನಿಮ್ಮತ್ತೆ ಸೊಂಟ ನಂಗೂ ಕಾಣ್ಸುತ್ತೆ. ಆದ್ರೆ ಅಲ್ಲಿ ಈ ಕಂಪ್ಯೂಟರ್ ಇಟ್ಕೊಳಕ್ಕೆ ಬಿಡ್ತಾರಾ? ಬಿಡಲ್ಲ ಅಂದ್ರೆ ನಾನು ಬರಲ್ಲ. ಈಗ ಒತ್ತು."

ಒತ್ತಿದೆ. ಪರದೆ ನೀಲಿಯಾಯಿತು, ಕಪ್ಪಾಯಿತು, ಮತ್ತೆ ಬೆಳಗಿತು. ಕ್ಯಾಮೆರಾದ ದೀಪ ಮಾತ್ರ ಹತ್ತಲಿಲ್ಲ. ಆರಿಸಿ ಹಾಕಿದೆ, ವೈರು ಕಿತ್ತು ಚುಚ್ಚಿದೆ. ರಿಪೇರಿಯವನಿಗೆ ಫೋನ್ ಮಾಡಿದರೆ ಅವನು ಊರಲ್ಲಿಲ್ಲ, ಬರುವುದು ಮುಂದಿನ ವಾರ. ಬೇರೆಯವರಿಗೆ ಆ ಕ್ಯಾಮೆರಾ ಗೊತ್ತಿಲ್ಲ. ಮಾವ ನನ್ನನ್ನೇ ನೋಡುತ್ತಿದ್ದರು. ಬೈಯಲೂ ಅವರಿಗೆ ದಾರಿ ಇರಲಿಲ್ಲ.

ನಾನು ಅ, ಆ, ಇ ಎಂದು ಒಂದೊಂದೇ ಅಕ್ಷರ ಹೇಳುತ್ತಾ ಹೋದೆ. ಬೇಕಾದ ಅಕ್ಷರ ಬಂದಾಗ ಅವರು ರೆಪ್ಪೆ ಮುಚ್ಚಿದರು. ಬಹಳ ಹೊತ್ತಿನ ಮೇಲೆ ಎರಡು ಪದ ಆಯಿತು. "ನೀನು ಹೇಳು."

ಸಂಜೆ ಭಾವ ಬಂದು, "ನಿಂಗ್ಯಾಕೆ ಬೇಕಿತ್ತು ಈ ಅಧಿಕಪ್ರಸಂಗ?" ಎಂದರು. ನಾನು ಮಾವನ ದಿಂಬು ಸರಿಮಾಡುತ್ತಾ ನಿಂತೆ. ಹೊಸಬರ ಮುಂದೆ ನನ್ನ ನಾಲಿಗೆ ಒಣಗುತ್ತದೆ, ಬಾಗಿಲು ಬಡಿದರೆ ಅಡುಗೆಮನೆ ಸೇರುವವಳು ನಾನು. ಅದು ಮಾವನಿಗೆ ಚೆನ್ನಾಗಿ ಗೊತ್ತು.

ಇವತ್ತು ಗುರುವಾರ. ಮಾವನ ಮಾತನ್ನು ಬಾಯಿಪಾಠ ಮಾಡಿಕೊಂಡಿದ್ದೇನೆ. ನಾಳೆ ಮೇಡಂ ಬಂದಾಗ ಮಂಚದ ಪಕ್ಕ ನಿಂತು, ಭಾವ ಮಾತು ಶುರುಮಾಡುವ ಮೊದಲೇ ಅದನ್ನು ಹೇಳುತ್ತೇನೆ.