ಕೆಂಪಾದ ಅರಿಶಿನ

ಮೊನ್ನೆ ಕುಡಿಯುವ ನೀರನ್ನು ಪರೀಕ್ಷಿಸಲು ಬಂದ ತರುಣ ಲೋಟದಲ್ಲಿ ಕಾಗದದ ಪಟ್ಟಿ ಅದ್ದಿ, ಅದರ ಬಣ್ಣವನ್ನು ಅಂಕಿಗಳಿದ್ದ ಕಾರ್ಡಿಗೆ ಹೋಲಿಸಿ, "ಏಳೂವರಿ ಐತ್ರಿ, ಚಿಂತಿಲ್ಲ" ಎಂದ. ನನ್ನ ಮನಸ್ಸು ಅರವತ್ತರ ದಶಕದ ತಿಕೋಟಾದಲ್ಲಿ, ಸೋದರತ್ತೆಯ ಅಂಗಳದಲ್ಲಿ ಹೋಗಿ ನಿಂತಿತು.

ಆಗ ನಾನು ಬಬಲೇಶ್ವರದಲ್ಲಿ ವಿಜ್ಞಾನ ಶಿಕ್ಷಕ. ವಿಜಯಪುರದ ಕಾಲೇಜಿನ ಚರ್ಚಾಕೂಟಗಳಲ್ಲಿ ಗೆದ್ದವನಾದ್ದರಿಂದ, ತರ್ಕಕ್ಕೆ ಮಣಿಯದ ಮೂಢನಂಬಿಕೆ ಲೋಕದಲ್ಲಿಲ್ಲವೆಂದು ನಂಬಿದ್ದೆ. ನೀವು ನಗಬಹುದು, ಆ ನಂಬಿಕೆಯೂ ಅದೇ ಜಾತಿಯದೆಂದು ನನಗೆ ಹೊಳೆದಿರಲಿಲ್ಲ.

ಅಂದು ಅತ್ತೆಯ ಹೊಸ ಸೊಸೆ ಶಾಂತಾ ಮೂಲೆಯಲ್ಲಿ ಅಳುತ್ತಿದ್ದಳು. ಮದುವೆಯಲ್ಲಿ ಅರಿಶಿನ ಹತ್ತಿದ ಗಂಡನ ಧೋತರವನ್ನು ಆಕೆ, ವಿಜಯಪುರದ ಗಾಂಧಿ ಚೌಕದ ತವರಿನಿಂದ ತಂದ ಬಟ್ಟೆ ಒಗೆಯುವ ಸೋಡಾಪುಡಿಯಲ್ಲಿ ನೆನೆಸಿದ್ದಳು. ಹಳದಿ ಕಲೆಗಳೆಲ್ಲ ಕೆಂಪಾಗಿದ್ದವು. ಆಕೆಯನ್ನು ತವರಿಗಟ್ಟಲು ಅತ್ತೆ ಬಂಡಿಗೆ ಹೇಳಿಯಾಗಿತ್ತು.

"ಧೋತರದಾಗ ನೆತ್ತರ ಮೂಡೇತಿ. ಇಕಿ ಕಾಲ್ಗುಣ ನೀನ ನೋಡು."

ಶಾಲೆಗೆಂದು ಕೊಂಡ, ಅದ್ದಿದರೆ ಬಣ್ಣ ಬದಲಿಸುವ ಅಂಥದೇ ಕಾಗದದ ಪಟ್ಟಿಗಳು ನನ್ನ ಚೀಲದಲ್ಲಿದ್ದವು. ಸೋಡಾನೀರಿಗೆ ಅದ್ದಿದರೆ ಕಡುನೀಲಿ, ಅಂಕಿ ಹತ್ತರಾಚೆ. ಲಿಂಬೆರಸಕ್ಕೆ ಅದ್ದಿದರೆ ಕೆಂಪು, ಎರಡರ ಸಮೀಪ. ಏಳು ತಟಸ್ಥ ನೆಲೆ, ಕೆಳಗೆ ಆಮ್ಲ, ಮೇಲೆ ಕ್ಷಾರ; ಕ್ಷಾರದಲ್ಲಿ ಕೆಂಪಾಗುವುದು ಅರಿಶಿನದ ಸ್ವಭಾವವೇ ಹೊರತು ವಧುವಿನ ದೋಷವಲ್ಲ ಎಂದು ಪೂರ್ವಪಕ್ಷ, ಉತ್ತರಪಕ್ಷಗಳ ಸಮೇತ ವಾದಿಸಿದೆ. ಅತ್ತೆ ಎಲ್ಲವನ್ನೂ ಕೇಳಿ, ಲಿಂಬೆರಸಕ್ಕೆ ಅದ್ದಿದ ಪಟ್ಟಿಯತ್ತ ಬೆರಳು ಮಾಡಿದಳು.

"ನಿನ್ನ ಕಾಗದಕ್ಕೂ ನೆತ್ತರ ಬಂತಲ್ಲೋ ಯಪ್ಪಾ."

ಇಂಥ ಆಕ್ಷೇಪವನ್ನು ಯಾವ ಚರ್ಚಾಕೂಟದಲ್ಲೂ ಎದುರಿಸಿರಲಿಲ್ಲ. ಸೋತು, ಉಳಿದ ಅರ್ಧ ಲಿಂಬೆಹಣ್ಣನ್ನು ಅವಳ ಕೈಗೇ ಕೊಟ್ಟು, ಕಲೆಯ ಮೇಲೆ ಹಿಂಡಲು ಹೇಳಿದೆ. ಹಿಂಡಿದಲ್ಲಿ ಕೆಂಪು ಮಾಯವಾಗಿ ಹಳದಿ ಮರಳಿತು. ಅತ್ತೆ ಸೋಡಾನೀರು ಚಿಮುಕಿಸಿದಳು, ಮತ್ತೆ ಕೆಂಪು. ಇನ್ನೊಂದು ಹಣ್ಣು ಕೊಯ್ದಳು, ಮತ್ತೆ ಹಳದಿ. ಬಂಡಿಯವನು ಬಂದು ಕೂಗಿದಾಗ ತಲೆಯೆತ್ತದೆ, ಇವತ್ತು ಬೇಡ, ಕೆಲಸವಿದೆ ಎಂದು ಹೇಳಿ ಕಳಿಸಿದಳು.

ಶಾಂತಾ ಕಣ್ಣೊರೆಸಿಕೊಂಡು ಹತ್ತಿರ ಬಂದಳು. "ಅತ್ತಿ, ಎಲ್ಲಾ ಹಣ್ಣು ಹಿಂಡಿದ್ರ ಉಪ್ಪಿನಕಾಯಿಗೆ ಏನ ಉಳೀತೈತ್ರಿ?"

"ಇರ್ಲಿ ಬಿಡು. ಓಣ್ಯಾಗಿನವ್ರನ್ನ ಕರಿ, ಅವ್ರೂ ನೋಡ್ಲಿ."

ಈಗ ವಾದಕ್ಕೆ ಕುಳಿತಾಗಲೆಲ್ಲ, ಎದುರಿನವರು ತಾವೇ ಮಾಡಿ ನೋಡಬಹುದಾದದ್ದು ಏನಿದೆಯೆಂದು ಮೊದಲು ಹುಡುಕುತ್ತೇನೆ. ಸಿಕ್ಕರೆ ಅದನ್ನು ಅವರ ಕೈಗಿಟ್ಟು ಬಾಯಿ ಮುಚ್ಚಿಕೊಳ್ಳುತ್ತೇನೆ. ಬಾಯಿ ಮುಚ್ಚಿಕೊಳ್ಳುವುದು ಮಾತ್ರ ಇನ್ನೂ ಪೂರ್ತಿ ರೂಢಿಯಾಗಿಲ್ಲ.