ಬೆಂಗಳೂರಿನಿಂದ ಬರಬೇಕಾದ ಪಾರ್ಟು

ನಮ್ಮ ಕಡೆ ರಿಪೇರಿಯವರಿಗೆಲ್ಲ ಒಂದು ಮಾತು ಬಾಯಿಪಾಠವಾಗಿದೆ: "ಪಾರ್ಟ್ ಬರಬೇಕು." ಚಳ್ಳಕೆರೆಯ ಎಣ್ಣೆ ಮಿಲ್ಲು ನಿಂತರೂ, ಪರಶುರಾಂಪುರದಲ್ಲಿ ಬೋರಿನ ಮೋಟರು ಸುಟ್ಟರೂ, ನನ್ನ ಸ್ಕೂಟರು ಕೆಮ್ಮಿ ಕೆಮ್ಮಿ ಮಲಗಿದರೂ ಮೆಕ್ಯಾನಿಕ್ಕು ಕೈ ಒರೆಸಿಕೊಳ್ಳುತ್ತಾ ಹೇಳುವುದು ಇದನ್ನೇ. ಎಲ್ಲಿಂದ ಬರಬೇಕು ಎಂದರೆ ಬೆಂಗಳೂರಿನಿಂದ. ಯಾವಾಗ ಎಂದರೆ ಅವನು ಆಕಾಶ ನೋಡುತ್ತಾನೆ. ಕೇಳಿದವರೆಲ್ಲ ಗೊಣಗುತ್ತಾರೆ, ನಾನು ಮಾತ್ರ ತಲೆ ತಗ್ಗಿಸುತ್ತೇನೆ. ಒಮ್ಮೆ ನಾನೂ ಆ ಮಾತು ಆಡಿದವನು. ಅದೂ ಇಲ್ಲದ ಯಂತ್ರದ ಇಲ್ಲದ ಪಾರ್ಟಿನ ಬಗ್ಗೆ.

ಈ ಶತಮಾನದ ಮೊದಲ ದಶಕ ಮುಗಿಯುತ್ತಿದ್ದ ಕಾಲ. ಚಳ್ಳಕೆರೆಯ ಒಂದು ಮಹಡಿಯ ಮೇಲೆ ನಾನು ಕಂಪ್ಯೂಟರ್ ತರಗತಿ ನಡೆಸುತ್ತಿದ್ದೆ. ಕೆಳಗೆ ಶೇಂಗಾ ಮಂಡಿ. ನನ್ನ ವಿದ್ಯಾರ್ಥಿಗಳ ನೋಟ್‌ಬುಕ್ಕುಗಳಿಗೂ ಶೇಂಗಾ ಧೂಳಿನ ವಾಸನೆ. ವಾರಕ್ಕೆರಡು ದಿನ ಬಸ್ಸು ಹತ್ತಿ ಮೊಳಕಾಲ್ಮೂರಿಗೆ ಹೋಗಿ ಅಲ್ಲಿನ ಒಂದು ನೇಕಾರರ ಸಂಘದ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದೆ. ಸೀರೆಯ ಅಂಚು, ಸೆರಗುಗಳ ಚಿತ್ರ ಬರೆಯುವ ಸಾಫ್ಟ್‌ವೇರು ಅವರಲ್ಲಿತ್ತು. ಅದರಿಂದ ಹೊರಟ ನಕ್ಷೆಯ ಪ್ರಕಾರ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆದು ಮಗ್ಗದ ಮೇಲೆ ಕಟ್ಟಿದರೆ ನವಿಲೋ ಹಂಸವೋ ಜರಿಯಲ್ಲಿ ಮೂಡುತ್ತಿತ್ತು. ಆದರೆ ಆ ಸಾಫ್ಟ್‌ವೇರು ತೀರಾ ಹಳೆಯದು, ಹಳೆಯ ಕಂಪ್ಯೂಟರನ್ನು ಬಿಟ್ಟು ಬೇರೆ ಕಡೆ ಓಡುತ್ತಿರಲಿಲ್ಲ. ಹಳೆಯದು ಸಾಯುವ ಸ್ಥಿತಿಗೆ ಬಂದಾಗ ಸಂಘ ಹೊಸ ಸರ್ವರ್ ತರಿಸಿತು. ನಾನು ಅದರ ಹೊಟ್ಟೆಯೊಳಗೆ ಹಳೆಯ ಕಂಪ್ಯೂಟರನ್ನೇ ಸೃಷ್ಟಿಸಿಬಿಟ್ಟೆ.

ವರ್ಚುವಲ್ ಮಷೀನ್ ಎಂದರೆ ಇಷ್ಟೇ: ಕಬ್ಬಿಣ, ತಗಡು ಏನೂ ಇಲ್ಲದೆ ಸಾಫ್ಟ್‌ವೇರಿನಿಂದಲೇ ಕಟ್ಟಿದ ಯಂತ್ರ. ಒಂದು ಸರ್ವರಿನೊಳಗೆ ಇಂಥವು ಹಲವು ಇರಬಹುದು. ನಾನು ಮೂರು ಮಾಡಿದ್ದೆ: ಒಂದು ವಿನ್ಯಾಸಕ್ಕೆ, ಒಂದು ಸದಸ್ಯರ ಪಟ್ಟಿಗೆ, ಒಂದು ಕನ್ನಡ ಟೈಪಿಂಗಿಗೆ. ಕನ್ನಡದಲ್ಲಿ ಇದನ್ನು ಮಿಥ್ಯಾಯಂತ್ರ ಎನ್ನಬಹುದೇನೋ. ವೇದಾಂತಿಗಳು ಮಿಥ್ಯೆಯನ್ನು ಪೂರ್ತಿ ಸುಳ್ಳೆನ್ನುವುದಿಲ್ಲ. ಹಗ್ಗವನ್ನು ಹಾವೆಂದು ಕಂಡವನಿಗೆ ಹಾವು ಇಲ್ಲದಿದ್ದರೂ ಮೈ ಬೆವರುವುದು ನಿಜ ತಾನೇ? ಸಂಘದವರ ಮುಂದೆ ನಾನು ಇದನ್ನೆಲ್ಲ ವಿಸ್ತಾರವಾಗಿ ಹೇಳಿದ್ದೆ. ಅವರು ಅರ್ಥವಾಗದೆ ಗೌರವ ಕೊಟ್ಟಿದ್ದರು. ನನಗೆ ಅಂಥ ಗೌರವ ಬಹಳ ಹಿಡಿಸುತ್ತಿತ್ತು.

ಒಂದು ಮಂಗಳವಾರ, ಯಾರೂ ಹೇಳದಿದ್ದರೂ, ಕಂಪನಿ ಕಳಿಸಿದ್ದ ಸೀಡಿ ಹಾಕಿ ಸರ್ವರಿಗೆ ಅಪ್‌ಡೇಟ್ ಮಾಡಿದೆ. ಹೊಸದು ಎಂದರೆ ನನಗೆ ಮೊದಲಿನಿಂದಲೂ ಚಪಲ. ಸರ್ವರು ಮಲಗಿ ಎದ್ದಿತು. ಮೂರು ಮಿಥ್ಯಾಯಂತ್ರಗಳಲ್ಲಿ ಒಂದೂ ಏಳಲಿಲ್ಲ. ಪರದೆಯ ಮೇಲೆ ಮೂರು ಸಾಲಿನ ಇಂಗ್ಲಿಷ್ ಸಂದೇಶ ಬಂತು. ಬಲ್ಲವನಂತೆ ಅದನ್ನು ಓದುವ ಮೊದಲೇ ಮುಚ್ಚಿದೆ. ಆರಿಸಿ ಹಚ್ಚಿದೆ. ಮೆಮೊರಿ ಹೆಚ್ಚಿಸಿದೆ, ಕಡಿಮೆ ಮಾಡಿದೆ. ಮುಂಚೆ ತೆಗೆದಿಟ್ಟಿದ್ದ ಪ್ರತಿಯನ್ನು ತಂದು ಹಾಕಿದೆ, ಅದೂ ಏಳಲಿಲ್ಲ. ನಿನ್ನೆಯವರೆಗೆ ಗಟ್ಟಿಯಾಗಿದ್ದ ಪ್ರತಿಯೂ ಏಳದಿದ್ದರೆ ರೋಗ ಮಕ್ಕಳದ್ದಲ್ಲ, ತಾಯಿಯದ್ದು, ಅಂದರೆ ಸರ್ವರಿನದ್ದು ಎಂದು ಹೊಳೆಯಬೇಕಿತ್ತು. ನನಗೆ ಹೊಳೆದದ್ದು ಬೆನ್ನ ಹಿಂದೆ ಯಾರೋ ನಿಂತಿದ್ದಾರೆ ಎಂಬುದೊಂದೇ.

ನಿಂತಿದ್ದವರು ವೆಂಕಟಸ್ವಾಮಿ. ಅರವತ್ತು ದಾಟಿದ ನೇಕಾರ, ಸಂಘದ ಹಳೆಯ ಸದಸ್ಯ, ಮಂಡಿನೋವಿನಿಂದ ಒಂದು ಕಾಲು ಎಳೆದು ನಡೆಯುವವರು. ಹೊಸ ಅಂಚಿನ ಕಾರ್ಡುಗಳಿಗಾಗಿ ಅವರದೂ ಸೇರಿ ನಾಲ್ಕು ಮಗ್ಗ ಕಾಯುತ್ತಿದ್ದವು.

"ಏನಾಗೈತೆ ಮೇಷ್ಟ್ರೇ?" ಎಂದರು.

ನನಗೆ ಗೊತ್ತಿಲ್ಲ ಎನ್ನಲು ಬಾಯಿ ತೆರೆದೆ ಎಂದು ಈಗ ಹೇಳಿಕೊಂಡರೆ ಅದು ಇನ್ನೊಂದು ಸುಳ್ಳು. ಬಾಯಿಗೆ ಬಂದದ್ದು ಒಂದೇ: "ಒಂದು ಪಾರ್ಟ್ ಹೋಗಿದೆ ವೆಂಕಟಣ್ಣ. ಬೆಂಗಳೂರಿಂದ ಬರಬೇಕು."

ಆ ಒಂದು ಮಾತಿನಿಂದ ನನಗೆ ಒಂದು ವಾರ ಸಿಕ್ಕಿತು. ಮತ್ತೆ ಹೋದಾಗ "ಬಂತಾ?" ಎಂದು ಕೇಳಿದರು. "ಹೇಳಿದ್ದೀನಿ" ಎಂದೆ. ಯಾರಿಗೆ ಹೇಳಿದ್ದೆ ಎಂದು ಯಾರೂ ಕೇಳಲಿಲ್ಲ. ಚಳ್ಳಕೆರೆಯಲ್ಲಿ ತರಗತಿ ಮುಗಿಸಿ ಪುಸ್ತಕ ತಿರುವುತ್ತಿದ್ದೆ. ಎರಡನೆಯ ವಾರ ವೆಂಕಟಣ್ಣ ಒಗೆದ ಪಂಚೆ ಉಟ್ಟು, ಹೆಗಲಿಗೆ ಚೀಲ ಹಾಕಿಕೊಂಡು ಸಂಘದ ಬಾಗಿಲಲ್ಲೇ ಕಾಯುತ್ತಿದ್ದರು. ಚೀಲದಲ್ಲಿ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ.

"ನಾನೇ ಹೋಗಿ ತರ್ತೀನಿ. ನಮ್ಮ ತಂಗಿ ಮನಿ ಅಲ್ಲೇ ಐತೆ. ಹೆಸರು ಒಂದು ಚೀಟಿಯಾಗೆ ಬರ್ಕೊಡ್ರಿ."

ಇಂಥ ಹೊತ್ತಿನಲ್ಲಿ ಮನುಷ್ಯ ಸತ್ಯ ಹೇಳುತ್ತಾನೆ ಎಂದು ನೀವು ಅಂದುಕೊಂಡಿದ್ದರೆ ನಿಮಗೆ ನನ್ನಂಥವರ ಪರಿಚಯವಿಲ್ಲ. ನಾನು ಪೆನ್ನು ತೆಗೆದೆ. ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ 'ವರ್ಚುವಲ್ ಕಂಟ್ರೋಲರ್ ಕಾರ್ಡ್' ಎಂದು ಬರೆದೆ. ಕೆಳಗೆ ಒಂದು ನಂಬರೂ ಹಾಕಿದೆ, ನಂಬಿಕೆ ಬರಲಿ ಎಂದು. ಅಂಥ ವಸ್ತು ಭೂಮಿಯ ಮೇಲೆ ಎಲ್ಲೂ ಇಲ್ಲದ್ದರಿಂದ ಯಾವ ಅಂಗಡಿಯಲ್ಲೂ ಸಿಗದು, ನನ್ನ ಮರ್ಯಾದೆ ಉಳಿಯುತ್ತದೆ. ಅವರು ಚೀಟಿಯನ್ನು ನಾಲ್ಕಾಗಿ ಮಡಿಸಿ, ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಒಳಜೇಬಿಗೆ ಸೇರಿಸಿ, ಕಾಲೆಳೆಯುತ್ತಾ ಬಸ್ ಸ್ಟ್ಯಾಂಡಿನ ಕಡೆ ನಡೆದರು. ಕಿಟಕಿಯಿಂದ ನೋಡುತ್ತಿದ್ದೆ. ಕರೆಯಬಹುದಿತ್ತು. ದೂರವೇನೂ ಹೋಗಿರಲಿಲ್ಲ.

ಆಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಸರ್ವರ್ ಮುಂದೆ ಹೋಗಿ ಕೂತು, ಮೊದಲ ಬಾರಿಗೆ ಆ ಮೂರು ಸಾಲನ್ನು ಬೆರಳಿಟ್ಟು ಓದಿದೆ. ಒಂದನೇ ಕ್ಲಾಸಿನ ಹುಡುಗರು ಓದುವ ಹಾಗೆ. ಒಳಯಂತ್ರಗಳನ್ನು ನಡೆಸಲು ಪ್ರೊಸೆಸರಿನಲ್ಲಿರುವ ಸೌಲಭ್ಯ ಮುಚ್ಚಿದೆ, ಬಯಾಸ್‌ನಲ್ಲಿ ತೆರೆಯಿರಿ ಎಂದು ಅದರಲ್ಲಿ ಸ್ಪಷ್ಟವಾಗಿ ಇತ್ತು. ಬಯಾಸ್ ಎಂದರೆ ಕಂಪ್ಯೂಟರು ಏಳುವ ಮೊದಲೇ ಒಂದು ಕೀ ಒತ್ತಿ ಹೋಗಬಹುದಾದ, ಯಂತ್ರದ ಮೂಲ ಏರ್ಪಾಡುಗಳಿರುವ ನೀಲಿ ಪರದೆ. ನನ್ನ ಅಪ್‌ಡೇಟು ಅಲ್ಲಿದ್ದ ಏರ್ಪಾಡನ್ನೆಲ್ಲ ಅಳಿಸಿ ಕಾರ್ಖಾನೆಯಿಂದ ಬಂದಾಗ ಇದ್ದಂತೆ ಮಾಡಿತ್ತು. ಒಳಗೆ ಹೋಗಿ 'ಬಂದ್' ಎಂದಿದ್ದುದನ್ನು 'ಚಾಲೂ' ಮಾಡಿದೆ. ಐದು ನಿಮಿಷವೂ ಹಿಡಿಯಲಿಲ್ಲ. ಮೂರೂ ಯಂತ್ರಗಳು ಏನೂ ಆಗಿಲ್ಲವೆಂಬಂತೆ ಎದ್ದು ಕೂತವು. ವೆಂಕಟಣ್ಣನ ಬಸ್ಸು ಆಗ ಚಳ್ಳಕೆರೆಯನ್ನೂ ಮುಟ್ಟಿರಲಾರದು. ಅವರ ಹತ್ತಿರ ಮೊಬೈಲ್ ಇರಲಿಲ್ಲ.

ಎರಡು ದಿನ ನಾನು ಚಳ್ಳಕೆರೆಗೆ ಹೋಗದೆ ಪರಿಚಯದವರ ಮನೆಯಲ್ಲಿ ಉಳಿದೆ. ಸಂಘದವರಿಗೆ "ಪಾರ್ಟ್ ಬರೋವರೆಗೆ ಹೇಗೋ ನಡೆಸ್ತೀನಿ" ಎಂದಷ್ಟೇ ಹೇಳಿದ್ದೆ. ಮೂರನೆಯ ದಿನ ಮಧ್ಯಾಹ್ನ ಅವರು ಬಂದರು. ಕಣ್ಣು ಕೆಂಪಗಿದ್ದವು. ಕಾರ್ಡುಗಳಿಗೆ ಆಗಲೇ ತೂತು ಬೀಳುತ್ತಿದ್ದ ಸದ್ದು ಕೇಳಿ ಬಾಗಿಲಲ್ಲೇ ನಿಂತರು.

"ನಡೀತಾ ಐತಲ್ಲ," ಎಂದರು.

ಸಂಘದ ಅಧ್ಯಕ್ಷರು ಒಳಗಿನಿಂದಲೇ ಕೇಳಿದರು: "ಪಾರ್ಟ್ ಸಿಕ್ತೇನೋ ವೆಂಕಟಸ್ವಾಮಿ?"

"ಸಿಗ್ಲಿಲ್ರಿ."

ವೆಂಕಟಣ್ಣ ನನ್ನನ್ನು ಹೊರಗಿನ ಬೇವಿನ ಮರದ ಹತ್ತಿರ ಕರೆದರು. ಎಂಟು ಹತ್ತು ಅಂಗಡಿ ಸುತ್ತಿದರಂತೆ. ಒಬ್ಬ ಮುಂದಿನ ಬೀದಿ ಅಂದ, ಇನ್ನೊಬ್ಬ ಹಿಂದಿನ ಬೀದಿ ಅಂದ. ಕೊನೆಗೆ ಒಬ್ಬ ವಯಸ್ಸಾದ ಅಂಗಡಿಯವನು ಕುರ್ಚಿ ಕೊಟ್ಟು, ನೀರು ಕೊಟ್ಟು, ಚೀಟಿ ಓದಿದನಂತೆ.

"ಇದನ್ನ ಬರೆದೋರು ಯಾರಪ್ಪಾ ಅಂತ ಕೇಳಿದ. ಇಂಥದ್ದೊಂದು ಸಾಮಾನೇ ಲೋಕದಾಗಿಲ್ಲ ಅಂದ."

ಚೀಟಿಯನ್ನು ಹಾಗೇ ಮಡಿಕೆ ಬಿಚ್ಚದೆ ನನ್ನ ಕೈಗಿಟ್ಟರು.

"ತಪ್ಪಾಯ್ತು ವೆಂಕಟಣ್ಣ," ಎಂದೆ, ಅಷ್ಟೇ.

"ಯಾರ್‍ಗೂ ಹೇಳಾದಿಲ್ಲ ಬಿಡ್ರಿ. ಸಿಗ್ಲಿಲ್ಲ ಅಂತೀನಿ. ಅದೇನ್ ಸುಳ್ಳಲ್ಲ."

ನನ್ನನ್ನು ಉಳಿಸಲು ಹೊರಟಾಗಲೂ ಅವರು ಸುಳ್ಳು ಹೇಳದ ದಾರಿಯೊಂದನ್ನು ಹುಡುಕಿಕೊಂಡಿದ್ದರು. ನನಗೆ ಬೈದಿದ್ದರೆ ಅರ್ಧ ಭಾರ ಇಳಿಯುತ್ತಿತ್ತು.

ಕಾರ್ಡುಗಳ ಕಟ್ಟನ್ನು ನಾನೇ ಹೊತ್ತು ಅವರ ಮನೆಗೆ ಹೋದೆ. ಮಗ್ಗಕ್ಕೆ ಕಟ್ಟಿ ನೇಯಲು ಕೂತರು. ನಾಲ್ಕು ಎಳೆ ಹೋಗುವಷ್ಟರಲ್ಲಿ ಅಂಚು ವಕ್ರವಾಯಿತು.

"ಏಮಾಯೆ?" ಎಂದು ಅವರ ಹೆಂಡತಿ ಅಡಿಗೆಮನೆಯಿಂದ ತೆಲುಗಿನಲ್ಲಿ ಕೇಳಿದರು, ಏನಾಯ್ತು ಎಂದು.

"ಗೊತ್ತಾಗವಲ್ದು. ಬಾ, ಇತ್ಲಾಗಿಂದ ನೋಡು," ಎಂದರು ವೆಂಕಟಣ್ಣ.

ನಲವತ್ತೈದು ವರ್ಷ ಮಗ್ಗದ ಕೆಳಗಿನ ಆ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತ ಮನುಷ್ಯ, ನೀರು ಕೊಡು ಎಂದಷ್ಟೇ ಸಲೀಸಾಗಿ ಆ ಮಾತು ಆಡಿದರು. ಆಕೆ ಕೈ ಒರೆಸಿಕೊಂಡು ಬಂದರು. ಇಬ್ಬರೂ ಆ ಬದಿ ಈ ಬದಿ ಬಗ್ಗಿ, ತೊಡಕಿದ್ದ ಒಂದು ದಾರವನ್ನು ಹುಡುಕಿ ಬಿಡಿಸಿದರು.

ನಾನು ಸಂಘಕ್ಕೆ ವಾಪಸ್ಸು ಬಂದು ಅಧ್ಯಕ್ಷರ ಮುಂದೆ ಕೂತೆ. ಅಪ್‌ಡೇಟು, ಮೂರು ಸಾಲು, ಚೀಟಿ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಗೊತ್ತಿಲ್ಲ ಅಂದಿದ್ರೆ ನಾವೇನ್ ಮಾಡ್ತಿದ್ವಿ ಮೇಷ್ಟ್ರೇ? ಗೊತ್ತಿರೋ ಇನ್ನೊಬ್ರನ್ನ ಕೇಳ್ತಿದ್ವಿ. ಅಷ್ಟೇ ತಾನೆ?"

ಅಷ್ಟೇ. ಆ 'ಅಷ್ಟೇ'ಗೆ ಹೆದರಿ ನಾನು ಮಂಡಿನೋವಿನ ಮುದುಕರೊಬ್ಬರನ್ನು ಬೆಂಗಳೂರಿನ ಬೀದಿಬೀದಿ ಅಲೆಸಿದ್ದೆ.