ಹುಲಿಯ ಮುಂದೆ ವರಪರೀಕ್ಷೆ

ನನ್ನ ಮಾತು ಕೇಳುವುದಾದರೆ, ಹೆಣ್ಣು ತೋರಿಸುವ ಕಾರ್ಯಕ್ರಮವನ್ನು ಮನೆಯಲ್ಲಿ ಇಟ್ಟುಕೊಳ್ಳಲೇಬೇಡಿ. ಮೂವರು ಬರುತ್ತೇವೆ ಅಂದವರು ಹನ್ನೊಂದು ಮಂದಿ ಬರುತ್ತಾರೆ. ಶಿರಾ, ಉಪ್ಪಿಟ್ಟು, ಎರಡು ಸಲ ಚಹಾ ಆದ ಮೇಲೆ "ಊರಿಗೆ ಹೋಗಿ ತಿಳಸ್ತೀವ್ರಿ" ಅಂತಾರೆ. ಸೈಕಲ್ಲಿನ ಮೇಲೆ ಸ್ಟೀಲ್ ಪಾತ್ರೆ ಮಾರುತ್ತ ಹುಬ್ಬಳ್ಳಿಯಲ್ಲಿ ಸ್ವಂತ ಅಂಗಡಿ ಹಾಕಿದವನು ನಾನು. ಬರೀ ಬಾರಿಸಿ ನೋಡಿ ಇಟ್ಟುಹೋಗುವ ಗಿರಾಕಿಯ ಮುಖ ನನಗೆ ಗೊತ್ತು.

ನನ್ನ ತಂಗಿಯ ಮಗಳನ್ನು ಹೀಗೆ ಐದು ಮನೆಯವರು ನೋಡಿ ಹೋಗಿದ್ದರು. ಆಕೆ ದವಾಖಾನೆಯಲ್ಲಿ ನರ್ಸು. ಐವರದೂ ಒಂದೇ ಪಟ್ಟು: ರಾತ್ರಿ ಡ್ಯೂಟಿ ಬಿಡಬೇಕು. ಅವಳು ಬಿಡಲೊಲ್ಲಳು. ಅಷ್ಟರಲ್ಲಿ ಆರನೆಯ ಸಂಬಂಧ ಬಂತು.

"ಮಾಮಾ, ಇದ ಕಡೀದು. ಇವರೂ ಅದನ್ನ ಕೇಳಿದ್ರ, ಇನ್ನ ಮ್ಯಾಲೆ ನನಗ ಯಾರನ್ನೂ ತೋರಿಸಬ್ಯಾಡ್ರಿ," ಅಂದಳು. ತಂಗಿ ನನ್ನ ಮುಂದೆ ಕೂತು ಅತ್ತಳು.

ನಾನು ಗದಗಿನ ಕಡೆಯ ಹಳೆಯ ಝೂ ಗೊತ್ತು ಮಾಡಿದೆ. ತಲೆಗೊಂದು ಟಿಕೆಟ್ಟು, ಅವರವರದು ಅವರು. ಸಂಬಂಧ ಕೂಡಿ ಬರದಿದ್ದರೂ ಹುಲಿಯನ್ನಾದರೂ ನೋಡಿದಂತಾಯಿತು. ಮೇಲಾಗಿ, ಎರಡು ತಾಸು ಬಿಸಿಲಲ್ಲಿ ನಡೆಸಿದರೆ ಎಂಥ ಗಂಡಸಿನ ಸ್ವಭಾವವೂ ಹೊರಗೆ ಬೀಳುತ್ತದೆ.

ವರ ಧಾರವಾಡದವನು, ಅಲ್ಲಿಯೇ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಕೆಲಸ. ಬೆಳಗಿನ ಹತ್ತಕ್ಕೆ ಬನ್ನಿ ಅಂತ ಹೇಳಿದವನು ನಾನೇ. ಅವನ ಪಾಳಿ ಯಾವುದು ಅಂತ ಮಾತ್ರ ಕೇಳಲಿಲ್ಲ.

ತಾಯಿ, ಮಗ ಇಬ್ಬರೇ ಬಂದರು. ಅಲ್ಲಿಗೇ ನನಗೆ ಅರ್ಧ ಸಮಾಧಾನ. ಆದರೆ ವರ ಕೃಷ್ಣಮೃಗದ ಮುಂದೆ ಆಕಳಿಸಿದ, ನವಿಲಿನ ಮುಂದೆಯೂ ಆಕಳಿಸಿದ. ಹುಲಿಯ ಎದುರಿನ ಕಲ್ಲಿನ ಬೆಂಚು ಕಂಡದ್ದೇ, "ಒಂದ ನಿಮಿಷ ಕುಂದರತೇನ್ರಿ," ಅಂದವನು ಕೂತಲ್ಲೇ ನಿದ್ದೆಹೋದ. ಜಾಳಿಯ ಆಚೆ ಹುಲಿಯೂ ಮಲಗಿತ್ತು. ಸಾಲು ಹಿಡಿದು ಬಂದ ಸಾಲಿ ಮಕ್ಕಳು ಒಮ್ಮೆ ಅತ್ತ ನೋಡಿದರು, ಒಮ್ಮೆ ಇತ್ತ ನೋಡಿದರು.

"ಟೀಚರ್, ಎರಡೂ ಮಲಗ್ಯಾವ್ರಿ!"

"ಏಳೋ, ಮರ್ಯಾದಿ ಕಳೀತಿಯಲ್ಲೋ!" ತಾಯಿ ಅವನ ಭುಜಕ್ಕೆ ಕೈ ಹಾಕಿದರು. ನಾನಂತೂ ಆಗಲೇ ಬೇಡ ಅಂತ ತೀರ್ಮಾನಿಸಿದ್ದೆ. ಹೆಣ್ಣು ನೋಡಲು ಬಂದು ಗೊರಕೆ ಹೊಡೆಯುವವನು ತಾಳಿ ಕಟ್ಟುವಾಗ ಏನು ಮಾಡ್ಯಾನು?

"ಎಬ್ಬಿಸಬ್ಯಾಡ್ರಿ ಅವ್ವಾರ," ಅಂದಳು ನಮ್ಮ ಹುಡುಗಿ. "ಕಣ್ಣು ಕೆಂಪಾಗಿದ್ದು ನಾ ಗೇಟಿನ್ಯಾಗ ನೋಡೇನಿ. ರಾತ್ರಿ ಪಾಳಿ ಮುಗಿಸಿ ಸೀದಾ ಬಂದಾರ, ಹೌದಲ್ರಿ?"

"ಹೌದವ್ವಾ. ಹತ್ತಕ್ಕ ಬರಬೇಕು ಅಂತ ನಿಮ್ಮ ಮಾಮಾ ಅಂದ್ರಲ್ಲ."

ಇಬ್ಬರೂ ನನ್ನ ಕಡೆ ನೋಡಿದರು. ನಾನು ಹುಲಿಯ ಕಡೆ ನೋಡಿದೆ.

ಅವಳು ಛತ್ರಿ ಬಿಚ್ಚಿ ಅವನ ಮುಖಕ್ಕೆ ಬಿಸಿಲು ಬೀಳದಂತೆ ಹಿಡಿದು ನಿಂತಳು. ಕೈ ಬದಲಿಸುತ್ತ ಮುಕ್ಕಾಲು ತಾಸು. ಆಮೇಲೆ ವರ ದಡಬಡಿಸಿ ಎದ್ದ.

"ಎಬ್ಬಿಸಬಾರದೇನ್ರೀ! ಹುಲಿ ಎದ್ದಿತ್ತೇನು?"

"ಎದ್ದು ಒಂದು ಸುತ್ತು ಹಾಕಿ ಮತ್ತ ಮಲಗ್ತು. ನನ್ನದೊಂದು ಪ್ರಶ್ನೆ ಐತ್ರಿ. ನಿಮ್ಮ ಮನ್ಯಾಗ ಹಗಲು ನಿದ್ದಿ ಆಕ್ಕೈತೇನ್ರಿ?"

"ನಾ ಏಳೂತನಕ ನಮ್ಮವ್ವ ಕುಕ್ಕರ್ ಸೀಟಿ ಹೊಡಸೂದಿಲ್ರಿ. ಬ್ಯಾಳಿ ಬೋಗಾಣ್ಯಾಗ ಬೇಯಸ್ತಾಳ."

"ಗ್ಯಾಸ್ ಭಾಳ ಹೋಗ್ತೈತಲ್ರಿ," ಅಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅವಳು ತಾಯಿಯ ಕಡೆ ತಿರುಗಿದಳು. "ನಾನೂ ರಾತ್ರಿ ಡ್ಯೂಟಿ ಬಿಡಂಗಿಲ್ರಿ."

ಆ ತಾಯಿ ಸೆರಗಿನಿಂದ ಮುಖ ಒರೆಸಿಕೊಂಡರು. ಅಷ್ಟರಲ್ಲಿ ನನ್ನ ಕಣ್ಣಮುಂದೆ ತಂಗಿಯ ಅಳು ಬಂದುಹೋಯಿತು.

"ಬಿಡು ಅಂದವರ್ಯಾರವ್ವಾ?" ಅಂದರು ಆ ತಾಯಿ. "ಒಬ್ಬರು ಮಲಗಿದ್ರೂ ನಾ ಸಪ್ಪಳ ಮಾಡಂಗಿಲ್ಲ, ಇಬ್ಬರು ಮಲಗಿದ್ರೂ ಮಾಡಂಗಿಲ್ಲ."

ಕೊಡುವುದು ತರುವುದರ ಮಾತಿಗೆ ನಾನು ವಾರದಿಂದ ತಯಾರಿ ಮಾಡಿಕೊಂಡು ಬಂದಿದ್ದೆ. ಅದು ಹಾಗೇ ಹೊಟ್ಟೆಯಲ್ಲಿ ಉಳಿಯಿತು. ಹುಡುಗ, ಹುಡುಗಿ ಆಗಲೇ ಲಗ್ನದ ದಿನಕ್ಕಾಗಿ ಮೊಬೈಲ್ ತೆಗೆದು ಡ್ಯೂಟಿ ಪಟ್ಟಿ ಹೊಂದಿಸಿ ನೋಡುತ್ತ ಕೂತಿದ್ದರು.

"ಬರೂ ಸೋಮವಾರ ಬಿಟ್ಟು ಮುಂದಿನ ಸೋಮವಾರ?"

"ನೈಟ್ ಐತ್ರಿ."

"ಗುರುವಾರ?"

"ನನ್ನದ ನೈಟ್."

ಇಬ್ಬರಿಗೂ ಕೂಡುವ ದಿನ ಸಿಕ್ಕಿದ್ದು ಎರಡು ತಿಂಗಳ ಆಚೆ, ಒಂದು ಬುಧವಾರ, ಅದೂ ಮಧ್ಯಾಹ್ನದತನಕ.

"ಅರ್ಧಾ ದಿನದಾಗ ಲಗ್ನ ಮುಗೀತದೇನ್ರಿ?" ವರನ ತಾಯಿ ಗಾಬರಿಯಾಗಿ ನನ್ನನ್ನೇ ಕೇಳಿದರು.

"ಮುಗಸೂಣ್ರಿ," ಅಂದೆ. "ಕಲ್ಯಾಣ ಮಂಟಪದವಗ ಬಾಡಗಿನೂ ಅರ್ಧಾ ಮಾಡು ಅಂತೇನಿ."